ಸರಿ ಎನ್ನದ ಡಾಕ್ಟ್ರಮ್ಮ

ಡಾಕ್ಟರ ಕ್ಲಿನಿಕ್ಕಿನ ಕೆಳಗೆ ಮೆಡಿಕಲ್ ಸ್ಟೋರ್ ಇಟ್ಟವನು ಕೂತು ಉಣ್ಣುತ್ತಾನೆ ಎಂದು ನನಗೆ ಹೆಣ್ಣು ಕೊಟ್ಟ ಮಾವ ಹೇಳಿದ್ದರು. ಆ ಮಾತು ನಂಬಿ ಚಾಮರಾಜಪೇಟೆಯ ಈ ಮಳಿಗೆ ಹಿಡಿದೆ. ಮಹಡಿಯ ಮೇಲೆ ಹೆಂಗಸರ ಡಾಕ್ಟರು, ಕೆಳಗೆ ನಾನು. ಮೇಲಿರುವವರು ಎಂಥ ಡಾಕ್ಟರು ಎಂದು ಮಾವ ವಿಚಾರಿಸಿರಲಿಲ್ಲ. ನಮ್ಮ ಡಾಕ್ಟ್ರಮ್ಮನ ಹತ್ತಿರ ಮಾತು ಜಾಸ್ತಿ, ಮಾತ್ರೆ ಕಮ್ಮಿ. ಮೇಲೆ ಬೆಂಚು ತುಂಬಾ ಹೆಂಗಸರು ಕೂತಿರುತ್ತಿದ್ದರು. ಇಳಿದು ಬರುವಾಗ ಯಾರದಾದರೂ ಕೈಯಲ್ಲಿ ಔಷಧಿ ಚೀಟಿ ಇದ್ದರೆ ಅದು ನನ್ನ ಪುಣ್ಯ. ಉಳಿದವರು ನನ್ನ ಕಡೆ ನೋಡಿ ನಕ್ಕು, ಪಕ್ಕದ ಹೂವಿನವಳ ಹತ್ತಿರ ಮೊಳ ಮಲ್ಲಿಗೆ ಕೊಂಡು ಹೋಗುತ್ತಿದ್ದರು.

ಹೋದ ಶ್ರಾವಣದಲ್ಲಿ ಅವರು ತೀರಿಕೊಂಡರು. ಮದುವೆಯಾದವರಲ್ಲ, ತಮ್ಮನ ಮಗಳು ಬಂದು ಮಾಡಬೇಕಾದ್ದನ್ನೆಲ್ಲ ಮಾಡಿ, ಕ್ಲಿನಿಕ್ಕಿಗೆ ಬೀಗ ಹಾಕಿಕೊಂಡು ಹೋದಳು. ಬೋರ್ಡು ಇನ್ನೂ ಅಲ್ಲೇ ಇದೆ. ಅದರ ಮೇಲಿನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬಡಾವಣೆಯ ಮಹಿಳಾ ಸಮಾಜದವರು ಒಮ್ಮೆ ಸನ್ಮಾನ ಮಾಡುತ್ತೇವೆ, ಪೇಪರಿನಲ್ಲಿ ಹಾಕಿಸುತ್ತೇವೆ ಎಂದು ಬಂದಾಗ, "ಶಾಲು ಹೊದ್ಕೊಳ್ಳೋಕೆ ನನಗೇನು ಚಳಿನೇನ್ರೀ?" ಎಂದು ವಾಪಸ್ಸು ಕಳಿಸಿದವರು ಅವರು. ಸತ್ತಮೇಲೆ ಅವರ ಹೆಸರು ಹಾಕಿ ಬೈಸಿಕೊಳ್ಳುವ ಧೈರ್ಯ ನನಗಿಲ್ಲ.

ಕಡೆಯ ವರ್ಷಗಳಲ್ಲಿ ಅವರನ್ನು ಕಂಡವರು ಒಂದು ವಿಷಯ ಗಮನಿಸಿರುತ್ತಾರೆ. ಡಾಕ್ಟ್ರಮ್ಮ ಸರಿ ಎನ್ನುತ್ತಿರಲಿಲ್ಲ. ಆಗ್ಲಿ ಎನ್ನುತ್ತಿದ್ದರು, ಆಯ್ತು ಎನ್ನುತ್ತಿದ್ದರು, ಗೊತ್ತಾಯ್ತು ಎನ್ನುತ್ತಿದ್ದರು. ಬೆಂಗಳೂರಿನಲ್ಲಿ ಆಟೋ ಹತ್ತಬೇಕಾದರೂ ಫೋನು ಇಡಬೇಕಾದರೂ ಬೇಕಾಗುವ ಮಾತು ಅದು. ಅದೊಂದನ್ನು ಬಿಟ್ಟು ಬದುಕಿದ್ದರು. ವಯಸ್ಸಾಯಿತು, ಏನೋ ಹಟ ಎಂದು ಜನ ನಗುತ್ತಿದ್ದರು. ಕಾರಣ ಗೊತ್ತಿದ್ದವನು ನಾನೊಬ್ಬ.

ನೋಡಲು ದೊಡ್ಡ ಡಾಕ್ಟರ ಹಾಗೆ ಇರಲಿಲ್ಲ. ಗಂಜಿ ಹಾಕಿದ ಕಾಟನ್ ಸೀರೆ, ಕಾಲಲ್ಲಿ ಹವಾಯಿ ಚಪ್ಪಲಿ. ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು, ಆಮೇಲೆ ಮೇಜೆಲ್ಲ ತಡಕಾಡಿ, ಮೆಟ್ಟಿಲ ತುದಿಗೆ ಬಂದು "ಶೆಟ್ರೇ, ಒಂದು ಪೆನ್ನು ಕಳಿಸಿ" ಎಂದು ಕೂಗುತ್ತಿದ್ದರು. ತಲೆ ಮುಟ್ಟಿ ನೋಡಿಕೊಳ್ಳಿ ಎಂದು ನಾನು ಕೆಳಗಿನಿಂದಲೇ ಹೇಳುತ್ತಿದ್ದೆ. ಹನ್ನೊಂದು ಗಂಟೆಯ ಹೊತ್ತಿಗೆ ಕೆಳಗಿಳಿದು ಬಂದು ನನ್ನ ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂರುವುದು ಅವರ ಪದ್ಧತಿ. ಎದುರಿನ ಹೋಟೆಲಿನಿಂದ ಬೈಟೂ ಕಾಫಿ ಬರುತ್ತಿತ್ತು. ಮಹಡಿಯ ಮೇಲೆ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲವಾದ್ದರಿಂದ, ಫೋನು ಮಾಡಬೇಕಾದವರಿಗೆಲ್ಲ ಕಾಫಿ ಕುಡಿಯುತ್ತ ಅಲ್ಲಿಂದಲೇ ಮಾಡುತ್ತಿದ್ದರು. ಚಾಮರಾಜಪೇಟೆಯ ಎಷ್ಟು ಮನೆಗಳ ಸಂಸಾರದ ಗುಟ್ಟು ನನ್ನ ಕಿವಿಗೆ ಬಿದ್ದಿದೆಯೋ ದೇವರಿಗೇ ಗೊತ್ತು. ನಾನು ಕೆಮ್ಮಿನ ಸಿರಪ್ಪಿನ ಬಾಟಲಿ ಒರೆಸುತ್ತ ಕಿವುಡನ ಹಾಗೆ ನಿಂತಿರುತ್ತಿದ್ದೆ.

ಹೆಂಡತಿಯನ್ನು ಕರೆದುಕೊಂಡು ಬಂದ ಗಂಡಸರು ಮೇಲೆ ಹತ್ತುತ್ತಿರಲಿಲ್ಲ. ನನ್ನ ಅಂಗಡಿಯ ಮುಂದೆ ಪೇಪರ್ ಓದುತ್ತ ನಿಲ್ಲುತ್ತಿದ್ದರು. ಡಾಕ್ಟ್ರಮ್ಮನಿಗೆ ಇದು ಆಗದು. ಮೇಲಿನಿಂದ ಬಗ್ಗಿ, "ಶೆಟ್ರೇ, ಆ ನೀಲಿ ಶರ್ಟಿನವರನ್ನ ಮೇಲೆ ಕಳಿಸಿ, ಮಗು ಅವರದೂ ಹೌದಲ್ವಾ?" ಎನ್ನುತ್ತಿದ್ದರು. ಇಡೀ ಬೀದಿಗೆ ಕೇಳಿಸುತ್ತಿತ್ತು. ಒಬ್ಬ ಮಹರಾಯ ಇದಕ್ಕೆ ಹೆದರಿ ಎದುರಿನ ಹೋಟೆಲಿನ ಒಳಗೆ ಹೋಗಿ ಕೂತ. ಇವರು ಹೋಟೆಲಿನವನಿಗೇ ಫೋನು ಮಾಡಿಸಿ ಕರೆಸಿಕೊಂಡರು. ನಿರೋಧ್ ಪ್ಯಾಕೆಟ್ಟನ್ನು ನಾನು ಹಳೆ ಪೇಪರಿನಲ್ಲಿ ಸುತ್ತಿ ಕೌಂಟರಿನ ಕೆಳಗಿನಿಂದ ಕೊಡುವುದನ್ನು ನೋಡಿದರೂ ಬೈಯುತ್ತಿದ್ದರು. "ಕದ್ದ ಮಾಲು ಮಾರೋ ಹಾಗೆ ಮಾರ್ತೀರಲ್ಲ ಶೆಟ್ರೇ. ಆಮೇಲೆ ಅವನು ಅದನ್ನ ಕದ್ದ ಮಾಲಿನ ಹಾಗೇ ಬಚ್ಚಿಡ್ತಾನೆ. ಬೇಕಾದಾಗ ಸಿಗಲ್ಲ."

ಮದುವೆಯಾಗದವಳಿಗೆ ಬಸಿರಿನ ವಿಚಾರ ಏನು ಗೊತ್ತು ಎಂದು ಹಿಂದೆ ಆಡಿಕೊಳ್ಳುವವರು ಇದ್ದರು. ಒಬ್ಬ ಅಜ್ಜಿ ಮುಖದ ಮೇಲೆಯೇ ಕೇಳಿದಳಂತೆ. "ಬಸಿರಾಗದೆ ಇರೋ ವಿದ್ಯೆ ತಾನೇ ಅಜ್ಜಿ ನಿಮ್ಮ ಸೊಸೆಗೆ ಬೇಕಾಗಿರೋದು? ಅದ್ರಲ್ಲಿ ನನಗಿಂತ ಅನುಭವಸ್ಥರು ಈ ಪೇಟೇಲಿ ಯಾರಿದಾರೆ ಹೇಳಿ" ಎಂದರಂತೆ ಇವರು. ಅಜ್ಜಿ ನಕ್ಕು ನಕ್ಕು ಕೆಳಗಿಳಿದು ಬಂದು ನನ್ನ ಹತ್ತಿರ ನೀರು ಕೇಳಿ ಕುಡಿದಳು.

ಮಾತ್ರೆ, ಕಾಪರ್-ಟಿ ಬೇಡವೆನ್ನುವವರನ್ನು ಬೈಯದ ಡಾಕ್ಟರು ಅವರೊಬ್ಬರೇ ಇರಬೇಕು. ದೇಹಕ್ಕೇ ಒಂದು ಲೆಕ್ಕಾಚಾರ ಇದೆ, ಅದನ್ನು ತಿಳಿದುಕೊಂಡು ನಡೆಯುವುದೂ ಒಂದು ದಾರಿ, ಆದರೆ ಅದು ಸೋಮಾರಿಗಳ ದಾರಿಯಲ್ಲ ಎನ್ನುತ್ತಿದ್ದರು. ಹತ್ತಿರದ ದೇವಸ್ಥಾನದ ಪುರೋಹಿತರೊಬ್ಬರು ಯಾರದೋ ಮಾತು ಕೇಳಿ, ತಿಂಗಳಲ್ಲಿ ಇಂತಿಂಥ ದಿನ ದೂರವಿದ್ದರೆ ಸಾಕು ಎಂದು ತಿಳಿದು, ಆ ದಿನಗಳನ್ನು ತಿಥಿಯ ಲೆಕ್ಕದಲ್ಲಿ ಗೊತ್ತು ಮಾಡಿಕೊಂಡಿದ್ದರು. ಮೂರನೆಯ ಮಗು ಹೊಟ್ಟೆಯಲ್ಲಿದ್ದಾಗ ಹೆಂಡತಿಯನ್ನು ಕರೆದುಕೊಂಡು ಬಂದು, ಏಕಾದಶಿ ತಪ್ಪಿಸಿದವರಲ್ಲ ನಾವು, ಹೀಗೇಕಾಯಿತು ಎಂದು ಕೇಳಿದರು. ಡಾಕ್ಟ್ರಮ್ಮ ಹೇಳಿದ್ದು ನನಗೆ ಕೆಳಗೇ ಕೇಳಿಸಿತು. "ನಿಮ್ಮ ಹೆಂಡ್ತಿ ಹುಣ್ಣಿಮೆ ಅಲ್ಲ ಸ್ವಾಮಿ, ಪಂಚಾಂಗ ನೋಡ್ಕೊಂಡು ಬರೋಕೆ. ಅವರ ದಿನ ಅವರನ್ನ ಕೇಳಿ." ಪುರೋಹಿತರು ಆ ಮೇಲೆ ನನ್ನ ಗಿರಾಕಿಯಾದರು. ಪೇಪರಿನಲ್ಲಿ ಎರಡು ಸುತ್ತು ಸುತ್ತಿ ಕೊಡುತ್ತಿದ್ದೆ.

ಬಾಣಂತಿಯರಿಗೆ ಹೇಳುವ ಒಂದು ಮಾತಿತ್ತು. ಎದೆಹಾಲು ಕುಡಿಸುವ ತನಕ ಬಸಿರು ನಿಲ್ಲುವುದಿಲ್ಲ ಎಂದು ನಮ್ಮ ಹೆಂಗಸರು ತಲೆತಲಾಂತರದಿಂದ ನಂಬಿಕೊಂಡು ಬಂದಿದ್ದಾರೆ. ಒಂದರ ಬೆನ್ನಿಗೆ ಒಂದು ಹೆತ್ತು ಕೂಡ ನಂಬಿದ್ದಾರೆ. ಡಾಕ್ಟ್ರಮ್ಮ ಅದನ್ನು ಸುಳ್ಳೆನ್ನುತ್ತಿರಲಿಲ್ಲ. ಅರ್ಧ ನಿಜ ಎನ್ನುತ್ತಿದ್ದರು. "ಬಾಗಿಲಿಗೆ ಮೂರು ಚಿಲಕ ಇದೆ ಅಂತ ತಿಳ್ಕೊಳ್ಳಮ್ಮ. ಮಗುಗೆ ಆರು ತಿಂಗಳು ತುಂಬಿರಬಾರದು, ಅದು ಒಂದು. ಮುಟ್ಟು ವಾಪಸ್ ಬಂದಿರಬಾರದು, ಎರಡು. ಹಗಲೂ ರಾತ್ರಿ ಬರೀ ನಿನ್ನ ಹಾಲು, ಬೇರೇನೂ ಇಲ್ಲ, ಮೂರು. ಮೂರೂ ಹಾಕಿದ್ರೆ ನಿಶ್ಚಿಂತೆಯಾಗಿ ಮಲಗು. ಒಂದು ಚಿಲಕ ತೆಗೆದ್ರೂ ಅವತ್ತೇ ನನ್ನ ಹತ್ರ ಬಾ, ಬೇರೆ ಬೀಗ ಕೊಡ್ತೀನಿ." ಇಷ್ಟನ್ನು ಹೇಳಿ, ಅವಳ ಬಾಯಿಂದ ಸರಿ ಎನ್ನಿಸಿಕೊಂಡು, ತಾವೂ ಸರಿ ಎಂದು ಎದ್ದು ನಿಲ್ಲುತ್ತಿದ್ದರು. ಆಗ ಅವರ ಬಾಯಲ್ಲಿ ಆ ಮಾತು ಇತ್ತು. ನನಗಿಂತ ಹೆಚ್ಚು ಇತ್ತು.

ಬಿನ್ನಿಪೇಟೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ತಾತ ಹಳೆಯ ಗಿರಣಿಯಲ್ಲಿದ್ದವರು, ತಂದೆ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಇವಳಿಗೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಬೇಕು. ಮನೆತನದಲ್ಲಿ ಯಾರೂ ಖಾಕಿ ಹಾಕಿರಲಿಲ್ಲ, ನಾನು ಹಾಕುತ್ತೇನೆ ಎಂದು ನನ್ನ ಹತ್ತಿರವೂ ಹೇಳಿದ್ದಳು. ಒಳ್ಳೆ ಓಟಗಾರ್ತಿ. ನಮ್ಮ ಮೆಟ್ಟಿಲನ್ನು ಎರಡೆರಡು ದಾಟಿಕೊಂಡು ಹತ್ತುತ್ತಿದ್ದಳು. ಬಸುರಿಯಾದ ಮೇಲೂ ಹಾಗೇ ಹತ್ತಿ ಬೈಸಿಕೊಂಡಳು. ಧಡಧಡ ಸದ್ದು ಕೇಳಿದರೆ ಡಾಕ್ಟ್ರಮ್ಮ ಒಳಗಿನಿಂದಲೇ, "ಬಂದ್ಲು ನೋಡು ಇನ್ಸ್‌ಪೆಕ್ಟ್ರು" ಎನ್ನುತ್ತಿದ್ದರು. ಆ ದನಿಯಲ್ಲಿ ಬೈಗುಳ ಎಷ್ಟು, ಮುದ್ದು ಎಷ್ಟು ಎಂದು ಬೇರೆ ಮಾಡಲು ಆಗುತ್ತಿರಲಿಲ್ಲ.

ಸುಸೂತ್ರವಾಗಿ ಹೆರಿಗೆಯಾಯಿತು. ಗಂಡು ಮಗು. ಆದರೆ ಹುಡುಗಿಯ ತಲೆಯಲ್ಲಿ ಓಟದ ಪರೀಕ್ಷೆಯೇ ಕುಣಿಯುತ್ತಿತ್ತು. ಇನ್ನೊಂದು ವರ್ಷದ ಒಳಗೆ ಕರೆ ಬರುತ್ತದೆ, ಅಷ್ಟರಲ್ಲಿ ಮೈ ಹದಕ್ಕೆ ಬರಬೇಕು. ವಯಸ್ಸಿನ ಮಿತಿ ಮುಗಿಯುತ್ತಿದ್ದುದರಿಂದ ಅವಳಿಗೆ ಅದೇ ಕಡೆಯ ಅವಕಾಶ. ನಡುವೆ ಇನ್ನೊಂದು ಬಸಿರು ನಿಂತರೆ ಎಲ್ಲ ಮುಗಿಯಿತು. ಕಾಪರ್-ಟಿ ಎಂದರೆ ಓಡುವಾಗ ಜರುಗೀತೆಂಬ ಹೆದರಿಕೆ, ಮಾತ್ರೆ ಎಂದರೆ ಹಾಲು ಬತ್ತೀತೆಂಬ ಹೆದರಿಕೆ. ಹಾಗೇನೂ ಆಗದ ಮಾತ್ರೆ ಇದೆ ಎಂದು ಡಾಕ್ಟ್ರಮ್ಮ ಹೇಳಿದರೂ ಒಪ್ಪಲಿಲ್ಲ. ಇನ್ನು ಗಂಡ. ಒಳ್ಳೆಯ ಹುಡುಗ, ಆದರೆ ಬಲು ಸಂಕೋಚದವನು. ನಿರೋಧ್ ಕೇಳಲು ನನ್ನ ಅಂಗಡಿಗೆ ಬಂದು, ಬಹಳ ಹೊತ್ತು ನಿಂತು, ಗ್ಲೂಕೋಸ್ ಪುಡಿ ಕೊಂಡು ಹೋದ. ಕಡೆಗೆ ಡಾಕ್ಟ್ರಮ್ಮ ಮೂರು ಚಿಲಕದ ಮಾತು ಹೇಳಿ, ಆರು ತಿಂಗಳು ಹೀಗೆ ಕಳೆ, ಅಷ್ಟರಲ್ಲಿ ಬೇರೆ ಯಾವುದಕ್ಕಾದರೂ ಮನಸ್ಸು ಮಾಡು ಎಂದು ಕಳಿಸಿದರು. ಬಾಣಂತನ ಮುಗಿಸಿಕೊಂಡು ಅವಳು ಮತ್ತಿಕೆರೆಯ ಗಂಡನ ಮನೆಗೆ ಹೋದಳು.

ದೂರವಾಯಿತು ನೋಡಿ, ಬರುವುದು ಕಮ್ಮಿಯಾಯಿತು. ಡಾಕ್ಟ್ರಮ್ಮನೇ ಆಗಾಗ ಫೋನು ಮಾಡಿ ವಿಚಾರಿಸುತ್ತಿದ್ದರು. ಒಂದು ದಿನ ಕಾಫಿಯ ಹೊತ್ತಿನಲ್ಲಿ ಹೀಗೇ ಮಾಡಿದರು. ನಾನು ಪಕ್ಕದಲ್ಲೇ ಇದ್ದೆ. "ಹೇಗಿದಾನಮ್ಮ ಮರಿ? ಮುಟ್ಟಾಗಿಲ್ಲ ತಾನೇ? ಆಯ್ತು. ಬರೀ ನಿನ್ನ ಹಾಲೇ ಕುಡಿಸು. ಬೇರೇನಾದ್ರೂ ಕೊಡೋಕೆ ಶುರು ಮಾಡಿದ್ರೆ ನಂಗೆ ಹೇಳ್ಬೇಕು, ಕೇಳಿಸ್ತಾ?" ಆ ಕಡೆಯಿಂದ ಅವಳು ಏನೋ ಅಂದಳು. "ಸರಿ ಸರಿ, ಇಡ್ತೀನಿ" ಎಂದು ಇವರು ಫೋನು ಇಟ್ಟರು. "ಜಾಣೆ ಶೆಟ್ರೇ ಈ ಹುಡುಗಿ. ವಾದ ಇಲ್ಲ, ಏನಿಲ್ಲ. ಸರಿ ಡಾಕ್ಟ್ರೇ ಅಂತಾಳೆ, ಅಷ್ಟೇ" ಎಂದು ಉಳಿದ ಕಾಫಿ ಕುಡಿದು ಮೇಲೆ ಹೋದರು.

ಕೆಲವು ತಿಂಗಳಾದ ಮೇಲೆ ಅವಳು ಅತ್ತೆಯ ಜೊತೆ ಬಂದಳು. ಮೆಟ್ಟಿಲನ್ನು ಒಂದೊಂದಾಗಿ ಹತ್ತಿದಳು. ಅದನ್ನು ನೋಡಿದಾಗಲೇ ನನಗೆ ಏನೋ ಆಗಿದೆ ಎನಿಸಿತು. ಬಸಿರು ನಿಂತಿತ್ತು. ಹೆರಿಗೆಯ ನಂತರ ಮುಟ್ಟೇ ಬಾರದೆ ನಿಂತಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಹೊಟ್ಟೆಯೇ ಕಾಣಿಸುತ್ತಿತ್ತು. ಏನಾದರೂ ಮಾಡುವ ಕಾಲ ದಾಟಿತ್ತು. ಬಹಳ ಹೊತ್ತಾದ ಮೇಲೆ ಅತ್ತೆ ಸೊಸೆ ಇಳಿದು ಬಂದರು. ಹುಡುಗಿಯ ಕಣ್ಣು ಕೆಂಪಾಗಿತ್ತು. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

ಡಾಕ್ಟ್ರಮ್ಮ ಕೆಳಗೆ ಬಂದು ಸ್ಟೂಲಿನ ಮೇಲೆ ಕೂತರು. ಕಾಫಿ ಬಂತು, ಮುಟ್ಟಲಿಲ್ಲ.

"ಅವಳು ಹೇಳಿದ್ಲು ಶೆಟ್ರೇ. ನಾನು ಕೇಳಿಸ್ಕೊಳ್ಳಲಿಲ್ಲ" ಎಂದರು.

"ಏನು ಹೇಳಿದ್ಲು?"

"ಅವರ ಅತ್ತೆ ಈಗ ಹೇಳಿದ್ರು. ನಾಲ್ಕನೇ ತಿಂಗಳಿಗೇ ಮಗುಗೆ ಸರಿ ತಿನ್ನಿಸೋಕೆ ಶುರು ಮಾಡಿದ್ರಂತೆ. ಅವತ್ತು ಫೋನಲ್ಲಿ ನಾನು ಕೇಳಿದ್ನಲ್ಲ, ಬೇರೇನಾದ್ರೂ ಶುರು ಮಾಡಿದ್ರೆ ಹೇಳು ಅಂತ. ಅವಳು ಸರಿ ಅಂದ್ಲು. ಆಯ್ತು ಅಂತಿದಾಳೆ ಅಂದ್ಕೊಂಡು ನಾನು ಫೋನ್ ಇಟ್ಟೆ. ಅವಳು ಸರಿ ಕೊಡ್ತಿದೀವಿ ಅಂತ ಹೇಳ್ತಿದ್ಲು."

ನಮ್ಮ ಕಡೆ ಹಸುಗೂಸಿಗೆ ಮೊಟ್ಟಮೊದಲು ತಿನ್ನಿಸುವ ರಾಗಿ ಗಂಜಿಗೆ ಸರಿ ಎಂದೇ ಹೆಸರು. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಹಾಲಿನ ಹಾಗೆ ನುಣ್ಣಗೆ ಕಾಸಿ ತಿನ್ನಿಸುತ್ತಾರೆ. ನಾನು ತಿಂದು ಬೆಳೆದದ್ದೂ ಅದೇ, ನೀವೂ ಅದೇ ಇರಬಹುದು. ಒಪ್ಪಿಗೆಗೂ ಅದೇ ಮಾತು, ಗಂಜಿಗೂ ಅದೇ ಮಾತು; ಇಷ್ಟು ವರ್ಷ ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ. ಯಾವ ವಿಧಾನವೂ ನೂರಕ್ಕೆ ನೂರು ಅಲ್ಲ ಅಂತ ನೀವೇ ಹೇಳ್ತಿರ್ತೀರಲ್ಲ ಎಂದೆ.

"ಅದು ಬೇರೆಯವರಿಗೆ ಹೇಳೋ ಮಾತು ಶೆಟ್ರೇ" ಎಂದರು.

"ಹೋಗ್ಲಿ, ಅವಳನ್ನೇ ಒಂದು ಮಾತು ಕೇಳಿಬಿಡಿ. ಯಾವ ಸರಿ ಅಂದಿದ್ಲೋ."

"ಯಾವ ಮುಖ ಇಟ್ಕೊಂಡು ಕೇಳ್ಲಿ? ಅವಳು ಹೇಳಿದ್ದಾಯ್ತು. ಕೇಳಿಸ್ಕೊಳ್ಳೋದು ನನ್ನ ಕೆಲಸ ಆಗಿತ್ತು. ಆ ಹುಡುಗಿ ಖಾಕಿ ಹಾಕೋದನ್ನ ಒಂದು ಮಾತಿಗೆ ಕಿವಿಗೊಡದೆ ತಪ್ಪಿಸಿಬಿಟ್ಟೆ."

ಆ ಹುಡುಗಿ ಮತ್ತೆ ನಮ್ಮ ಕ್ಲಿನಿಕ್ಕಿಗೆ ಬರಲಿಲ್ಲ. ಮತ್ತಿಕೆರೆಯ ಹತ್ತಿರ ಎಲ್ಲೋ ತೋರಿಸಿಕೊಂಡಳು, ಅಲ್ಲೇ ಹೆರಿಗೆಯಾಯಿತು, ಹೆಣ್ಣು ಮಗು ಎಂದು ಬಿನ್ನಿಪೇಟೆಯವರು ಯಾರೋ ಹೇಳಿದರು. ಓಟದ ಪರೀಕ್ಷೆ ನಡೆದಾಗ ಅವಳು ತುಂಬಿದ ಬಸುರಿ. ಬೇಜಾರಾಗಿ ಬರುವುದು ಬಿಟ್ಟಿದ್ದಾಳೆ ಎಂದು ಡಾಕ್ಟ್ರಮ್ಮ ತೀರ್ಮಾನ ಮಾಡಿಕೊಂಡರು. ನಾನೂ ಹಾಗೆಯೇ ತಿಳಿದೆ.

ಅಂದಿನಿಂದ ಅವರ ಬಾಯಲ್ಲಿ ಆ ಮಾತು ನಿಂತುಹೋಯಿತು. ಶಪಥವೇನೂ ಮಾಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಆಗ್ಲಿ ಎನ್ನುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಬೇರೆಯವರು ಹೇಳಿದರೂ ಸಹಿಸುತ್ತಿರಲಿಲ್ಲ. ನಾನು ಅಭ್ಯಾಸಬಲದಿಂದ ಸರಿ ಅಂದರೆ, "ಏನು ಸರಿ? ಏನು ಮಾಡ್ತೀರಿ ಅಂತ ಪೂರ್ತಿ ಹೇಳಿ" ಎನ್ನುತ್ತಿದ್ದರು. ಎದುರಿನ ಹೋಟೆಲಿನ ಮಾಣಿ ಪಾಪ, ಎರಡು ಕಾಫಿ ತರ್ತೀನಿ ಮೇಡಂ, ಸಕ್ಕರೆ ಕಮ್ಮಿ ಹಾಕಿ ತರ್ತೀನಿ ಮೇಡಂ ಎಂದು ಪಾಠ ಒಪ್ಪಿಸುವುದನ್ನು ಕಲಿತಿದ್ದ. ಬಾಣಂತಿಯರನ್ನಂತೂ ಕೋರ್ಟಿನ ಸಾಕ್ಷಿಗಳ ಹಾಗೆ ವಿಚಾರಿಸುತ್ತಿದ್ದರು. ಜೇನು ನೆಕ್ಕಿಸಿದ್ರಾ, ಬಜೆ ತೇಯ್ದು ಹಾಕಿದ್ರಾ, ಸಕ್ಕರೆ ನೀರು ಕೊಟ್ರಾ, ರಾಗಿ ಹಿಟ್ಟು ಬೇಯಿಸಿದ್ದು ತಿನ್ನಿಸಿದ್ರಾ? ಗಂಜಿಗೂ ಆ ಹೆಸರು ಹೇಳುತ್ತಿರಲಿಲ್ಲ. ಫೋನಿನಲ್ಲಿ ಯಾರಾದರೂ ವಿಚಾರಿಸಿದರೆ, ಬಂದು ಮುಖ ತೋರಿಸಿ ಹೇಳಿ ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಕೆಲವು ವರ್ಷ ಕಳೆಯುವಷ್ಟರಲ್ಲಿ ಮೂರು ಚಿಲಕದ ಮಾತನ್ನೇ ಬಿಟ್ಟರು. ಯಾವ ಮನೆಯಲ್ಲಿ ಯಾರು ಏನು ತಿನ್ನಿಸುತ್ತಾರೋ ನನಗೇನು ಗೊತ್ತು ಎಂದು, ಬಂದವರಿಗೆಲ್ಲ ಚೀಟಿ ಬರೆಯತೊಡಗಿದರು. ಹಾಲೂಡಿಸುವಾಗ ತೆಗೆದುಕೊಳ್ಳುವ ಮಾತ್ರೆ, ಇಲ್ಲವೇ ಮತ್ತೊಂದು. ತಪ್ಪೇನಿಲ್ಲ, ಎಲ್ಲ ಡಾಕ್ಟರೂ ಬರೆಯುತ್ತಾರೆ. ಆದರೆ ಏನೂ ಬೇಡ, ಕೆಲವು ತಿಂಗಳು ನಮ್ಮ ಪಾಡಿಗೆ ನಾವಿರುತ್ತೇವೆ ಎಂದು ಆಸೆಪಟ್ಟು ಇವರ ಹೆಸರು ಕೇಳಿ ದೂರದಿಂದ ಬಂದ ಹುಡುಗಿಯರೂ ಚೀಟಿ ಹಿಡಿದುಕೊಂಡು ಇಳಿದು ಬರುತ್ತಿದ್ದರು. ಮಾವ ಹೇಳಿದ ಭವಿಷ್ಯ ಕೊನೆಗೂ ನಿಜವಾಯಿತು, ನನ್ನ ವ್ಯಾಪಾರ ಕುದುರಿತು. ನನಗೆ ಅದು ಬೇಕಿರಲಿಲ್ಲ. ಅಷ್ಟು ಮಾತಾಡುತ್ತಿದ್ದ ಹೆಂಗಸು ಮಾತಿನ ಮೇಲೆ ನಂಬಿಕೆ ಕಳೆದುಕೊಂಡು ಬರೆಯಲು ಕೂತದ್ದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಮೆಟ್ಟಿಲ ಮೇಲೆ ಯಾರಾದರೂ ಜೋರಾಗಿ ಹೆಜ್ಜೆ ಇಟ್ಟರೆ ಕಾಫಿ ಲೋಟ ಕೆಳಗಿಟ್ಟು ಕತ್ತು ತಿರುಗಿಸುತ್ತಿದ್ದರು. ಕೊರಿಯರಿನವನೋ, ಮೀಟರ್ ನೋಡುವವನೋ ಆಗಿರುತ್ತಿದ್ದ. "ಆ ಹುಡುಗಿ ಓಡೋದನ್ನ ಒಂದು ಸಲ ನೋಡ್ಬೇಕಿತ್ತು ಶೆಟ್ರೇ" ಎಂದು ಒಮ್ಮೆ ಹೇಳಿದರು. ಮತ್ತಿಕೆರೆ ಎಷ್ಟು ದೂರ, ಒಂದು ಆಟೋ ಹಿಡಿದರೆ ಹೋಗಿ ಬರಬಹುದು ಎಂದೆ. ತಲೆ ಅಲ್ಲಾಡಿಸಿ ಎದ್ದು ಹೋದರು. ಕಡೆಗೆ ಕಾಯಿಲೆ ಬಿದ್ದು, ಕ್ಲಿನಿಕ್ಕಿಗೆ ಬರುವುದು ನಿಂತು, ನಾನು ಮನೆಗೆ ನೋಡಲು ಹೋದಾಗ ಕೂಡ, ನಾಳೆ ಬರ್ತೀನಿ ಅಂದರೆ ಆಗ್ಲಿ ಎಂದೇ ಅಂದರು.

ಅವರು ಹೋಗಿ ಎರಡು ತಿಂಗಳಾಗಿತ್ತು. ದಸರಾ ರಜ. ಒಬ್ಬ ಹೆಂಗಸು ಅಂಗಡಿಗೆ ಬಂದು, ಮೇಲಿನ ಬೋರ್ಡನ್ನೂ ನನ್ನ ಮುಖವನ್ನೂ ನೋಡಿ, "ಶೆಟ್ರೇ, ಡಾಕ್ಟ್ರಮ್ಮ ಎಷ್ಟು ಗಂಟೆಗೆ ಬರ್ತಾರೆ?" ಎಂದಳು. ಮೈ ತುಂಬಿಕೊಂಡಿದ್ದಳು, ಕನ್ನಡಕ ಬಂದಿತ್ತು. ದನಿ ಮಾತ್ರ ಅದೇ. ಜೊತೆಗೆ ಅವಳಿಗಿಂತ ಎತ್ತರದ ಹೈಸ್ಕೂಲು ಹುಡುಗಿ, ಕಾಲಲ್ಲಿ ಓಟದ ಬೂಟು. ಎರಡನೆಯವಳು ಎಂದು ಕೇಳದೆಯೇ ಗೊತ್ತಾಯಿತು.

ವಿಷಯ ಹೇಳಿದೆ. ಅವಳು ಕೌಂಟರು ಹಿಡಿದುಕೊಂಡು ನಿಂತಳು. ನಾನು ಡಾಕ್ಟ್ರಮ್ಮನ ಸ್ಟೂಲನ್ನೇ ಮುಂದಕ್ಕೆ ತಳ್ಳಿದೆ. ಈಗ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಾಳಂತೆ. ಮಗಳು ಜಿಲ್ಲಾ ಮಟ್ಟದ ಓಟಕ್ಕೆ ಆಯ್ಕೆಯಾಗಿದ್ದಾಳಂತೆ. ಅವಳನ್ನು ಡಾಕ್ಟ್ರಮ್ಮನಿಗೆ ತೋರಿಸಿ ಒಂದು ಮಾತು ಹೇಳಿ ಹೋಗೋಣ ಎಂದು ಬಂದಿದ್ದಳು. ಮಗಳು ಹೂವಿನವಳ ಬುಟ್ಟಿ ನೋಡಲು ಆ ಕಡೆ ಹೋದಾಗ ದನಿ ತಗ್ಗಿಸಿದಳು.

"ನಾನು ಅವರಿಗೆ ಸುಳ್ಳು ಹೇಳಿದ್ದೆ ಶೆಟ್ರೇ. ನಮ್ಮತ್ತೆ ಮಗುಗೆ ಸರಿ ಮಾಡಿ ತಿನ್ನಿಸ್ತಿದ್ದಿದ್ದು ನನಗೋಸ್ಕರನೇ. ಬೆಳಗ್ಗೆ ನಾನು ಗ್ರೌಂಡಿಗೆ ಹೋಗಿ ಓಡ್ಬೇಕಲ್ಲ, ಅಲ್ಲೀವರೆಗೂ ಮಗು ಹಸ್ಕೊಂಡಿರಬಾರದು ಅಂತ. ಡಾಕ್ಟ್ರಮ್ಮಂಗೆ ಹೇಳಿದ್ರೆ ಅದನ್ನ ನಿಲ್ಸು ಅಂತಾರೆ, ನಿಲ್ಸಿದ್ರೆ ಓಡೋಕಾಗಲ್ಲ. ಅವತ್ತು ಫೋನ್ ಮಾಡಿದಾಗ ಬೇರೆ ಏನಾದ್ರೂ ಕೊಡೋಕೆ ಶುರು ಮಾಡಿದ್ರೆ ಹೇಳು ಅಂದ್ರು. ಸರಿ ಡಾಕ್ಟ್ರೇ ಅಂದ್ಬಿಟ್ಟೆ. ಒಂದು ತಿಂಗಳು, ಏನಾಗುತ್ತೆ ಅಂತ."

"ಸರಿ ಅಂದ್ರೆ, ಆಯ್ತು ಅನ್ನೋ ಸರಿನಾ?" ಎಂದು ಕೇಳಿದೆ.

"ಮತ್ತಿನ್ಯಾವ ಸರಿ?" ಎಂದಳು. ನಾನು ಯಾಕೆ ಕೇಳಿದೆ ಎಂದು ಅವಳಿಗೆ ಅರ್ಥವಾಗಲಿಲ್ಲ. "ಅತ್ತೆ ಅವರ ಮುಂದೆ ಎಲ್ಲ ಹೇಳಿಬಿಟ್ಟಾಗ ಡಾಕ್ಟ್ರಮ್ಮ ನನ್ನ ಮುಖ ನೋಡಿದ್ರು. ಒಂದು ಮಾತೂ ಬೈಲಿಲ್ಲ. ನನ್ನ ಸುಳ್ಳು ಗೊತ್ತಾಯ್ತು ಅದಕ್ಕೇ ಮಾತಾಡ್ತಿಲ್ಲ ಅಂದ್ಕೊಂಡೆ. ಆಮೇಲೆ ಮುಖ ತೋರ್ಸೋಕೆ ಆಗ್ಲಿಲ್ಲ. ತವರಿಗೆ ಬರುವಾಗೆಲ್ಲ ಈ ರೋಡ್ ಬಿಟ್ಟು ಸುತ್ತು ಹಾಕ್ಕೊಂಡು ಹೋಗ್ತಿದ್ದೆ."

ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ಡಾಕ್ಟ್ರಮ್ಮನ ಕಿವಿಯಲ್ಲಿ ದೋಷವಿರಲಿಲ್ಲ. ಅವಳು ಹೇಳಿದ್ದನ್ನೇ ಅವರು ಕೇಳಿಸಿಕೊಂಡಿದ್ದರು. ಒಬ್ಬರು ಈ ಮೆಟ್ಟಿಲ ಕೆಳಗೆ ಕೂತು, ನಾನು ಅವಳಿಗೆ ಅನ್ಯಾಯ ಮಾಡಿದೆ ಎಂದು ಕೊರಗಿದರು. ಇನ್ನೊಬ್ಬಳು ಪಕ್ಕದ ರಸ್ತೆಯಲ್ಲಿ ಸುತ್ತು ಹಾಕುತ್ತ, ನಾನು ಅವರಿಗೆ ಮೋಸ ಮಾಡಿದೆ ಎಂದು ಕೊರಗಿದಳು. ನಡುವೆ ಒಂದು ಬೀದಿ ಇತ್ತು, ಅಷ್ಟೇ. ಈ ಮಾತನ್ನು ಮೂರು ತಿಂಗಳ ಹಿಂದೆ ಹೇಳಿದ್ದರೂ ಸಾಕಿತ್ತು, ನಾನೇ ಓಡಿಹೋಗಿ ಅವರ ಹಾಸಿಗೆಯ ಪಕ್ಕ ಕೂತು ಹೇಳುತ್ತಿದ್ದೆ. ನನಗೆ ಸಂಕಟವಾಯಿತು, ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

"ನನ್ನ ಮೇಲೆ ಕೋಪ ಇತ್ತಾ ಅವರಿಗೆ?" ಎಂದು ಕೇಳಿದಳು.

ಡಾಕ್ಟ್ರಮ್ಮ ಬಿಟ್ಟ ಮಾತಿನ ಕಥೆ ನನ್ನ ಗಂಟಲ ತನಕ ಬಂದಿತ್ತು. ಹೇಳಲಿಲ್ಲ. ಒಬ್ಬರು ಹೊತ್ತದ್ದು ಸಾಕು.

"ಕೋಪ ಇರ್ಲಿಲ್ಲಮ್ಮ. ನೆನೆಸ್ಕೊಳ್ತಿದ್ರು. ನೀನು ಓಡೋದನ್ನ ಒಂದು ಸಲ ನೋಡ್ಬೇಕಿತ್ತು ಅಂತಿದ್ರು" ಎಂದೆ. ಅದು ಸುಳ್ಳಲ್ಲವಲ್ಲ.

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಕೂತಳು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು. ನಾನು ಕತ್ತು ತಿರುಗಿಸಿದೆ. ಮಗಳು ಕೈಯಲ್ಲಿ ಹೂವು ಹಿಡಿದುಕೊಂಡು ಎರಡೆರಡು ಮೆಟ್ಟಿಲು ದಾಟಿಕೊಂಡು ಮೇಲೆ ಹೋಗುತ್ತಿದ್ದಳು. ಅವಳಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ.

"ಬೀಗ ಹಾಕಿದೆ ಕಣೆ, ಡಾಕ್ಟ್ರಮ್ಮ ಇಲ್ವಂತೆ" ಎಂದು ತಾಯಿ ಕೂತಲ್ಲಿಂದಲೇ ಕೂಗಿದಳು. "ಹೂವು ಬಾಗಿಲಿಗೆ ಸಿಕ್ಕಿಸಿ ಬಾ."

ಮೇಲೆ ಬೀಗ ಅಲ್ಲಾಡಿದ ಸದ್ದಾಯಿತು. ಆಮೇಲೆ ಕ್ಲಿನಿಕ್ಕಿನ ಬಾಗಿಲ ಹತ್ತಿರದಿಂದ ಆ ಹುಡುಗಿ, "ಸರಿ" ಅಂದಳು.